ಮೂಗಿನ ತುದಿ, ಸ್ವಲ್ಪ ಎಡಕ್ಕೆ

ಮೂಗು ತುರಿಸಿಕೊಳ್ಳುವುದು ಎಷ್ಟು ದೊಡ್ಡ ವಿಷಯ ಅಂತ ನನಗೆ ಗೊತ್ತಾಗಿದ್ದು ಮಗ ಆಸ್ಪತ್ರೆ ಸೇರಿದ ಎಂಟನೇ ದಿನ ರಾತ್ರಿ. ಹನ್ನೆರಡು ವರ್ಷದ ಹುಡುಗ. ಹದಿನೈದು ದಿನದ ಹಿಂದೆ ಎರಡೂ ಕೈ ಬಿಟ್ಟು ಸೈಕಲ್ ಓಡಿಸಿ ನನ್ನ ಹತ್ತಿರ ಬೈಸಿಕೊಂಡಿದ್ದವನು. ಈಗ ಆ ಎರಡು ಕೈಗಳೂ ಯಾರೋ ಇಟ್ಟು ಮರೆತುಹೋದ ಸಾಮಾನಿನ ಹಾಗೆ ಹಾಸಿಗೆ ಮೇಲೆ ಬಿದ್ದಿದ್ದವು.

"ಅಮ್ಮಾ, ಮೂಗು."

ತುರಿಸಿದೆ.

"ಅಲ್ಲಲ್ಲ, ತುದಿ. ಸ್ವಲ್ಪ ಎಡಕ್ಕೆ. ನನ್ನ ಎಡ, ನಿನ್ನ ಎಡ ಅಲ್ಲ. ಅಯ್ಯೋ, ಜಾಸ್ತಿ ಆಯ್ತು."

ಆಮೇಲೆ ಅಳುವುದಕ್ಕೆ ಶುರುಮಾಡಿದ. ಸೂಜಿ ಚುಚ್ಚಿದಾಗ ಅಳದವನು, ಬೆನ್ನುಮೂಳೆಯಿಂದ ನೀರು ತೆಗೆದಾಗ ಹಲ್ಲು ಕಚ್ಚಿಕೊಂಡು ಮಲಗಿದ್ದವನು, ಮೂಗಿಗೆ ಅತ್ತ. ಆ ಕಣ್ಣೀರು ಒರೆಸುವುದಕ್ಕೂ ನಾನೇ ಬೇಕು ಅಂತ ಹೊಳೆದ ಮೇಲೆ ಇನ್ನೂ ಜೋರಾಗಿ ಅತ್ತ.

ಕಾಯಿಲೆಯ ಹೆಸರು ಗಿಯಾನ್ ಬಾರೆ ಸಿಂಡ್ರೋಮ್. ಆಸ್ಪತ್ರೆಯವರ ಬಾಯಲ್ಲಿ ಜಿಬಿಎಸ್. ಯಾವುದೋ ಸೋಂಕಿನ ವಿರುದ್ಧ ಹೊರಟ ರೋಗನಿರೋಧಕ ಶಕ್ತಿ ದಾರಿ ತಪ್ಪಿ ನಮ್ಮದೇ ನರಗಳ ಮೇಲೆ ಬೀಳುತ್ತದೆ. ಇವನಿಗೆ ಅದಕ್ಕೆ ಹತ್ತು ದಿನ ಮೊದಲು ಭೇದಿಯಾಗಿತ್ತು, ಮೂರೇ ದಿನಕ್ಕೆ ವಾಸಿಯೂ ಆಗಿತ್ತು, ನಾವು ಮರೆತೇಬಿಟ್ಟಿದ್ದೆವು. ಮೊದಲು ಪಾದ ಜೋಮು ಹಿಡಿದ ಹಾಗೆ ಅನ್ನುತ್ತಿದ್ದ. ಮಾರನೇ ದಿನ ಮೆಟ್ಟಿಲಲ್ಲಿ ಎಡವಿದ. ಮೂರನೇ ದಿನ ಕೂತಲ್ಲಿಂದ ಏಳಲಾಗಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ರಬ್ಬರ್ ಸುತ್ತಿಗೆಯಿಂದ ಮೊಣಕಾಲಿಗೆ ತಟ್ಟಿದರೆ ಕಾಲು ಕುಪ್ಪಳಿಸಲೇ ಇಲ್ಲ. ಬಲಹೀನತೆ ಕಾಲಿನಿಂದ ಮೇಲೇರುತ್ತಾ ತೊಡೆ, ಸೊಂಟ, ಕೈ ಅಂತ ಒಂದೊಂದೇ ಮಹಡಿಯ ದೀಪ ಆರಿಸಿಕೊಂಡು ಬಂತು. ತಲೆಯೊಳಗಿನದು ಮಾತ್ರ ಪೂರ್ತಿ ಉರಿಯುತ್ತಿತ್ತು. ಎಲ್ಲವೂ ಗೊತ್ತಾಗುತ್ತದೆ, ಎಲ್ಲವೂ ಕೇಳಿಸುತ್ತದೆ, ಯಾವುದನ್ನೂ ತಾನು ಮಾಡಿಕೊಳ್ಳಲಾಗುವುದಿಲ್ಲ.

ಹೆಚ್ಚಿನ ಮಕ್ಕಳು ಇದರಿಂದ ಚೇತರಿಸಿಕೊಳ್ಳುತ್ತಾರೆ ಅಂತ ಡಾಕ್ಟರು ಮೊದಲ ದಿನವೇ ಹೇಳಿದ್ದರು. ಆದರೆ ಅದಕ್ಕೆ ಮೊದಲು ಎರಡರಿಂದ ನಾಲ್ಕು ವಾರ ಕೆಳಕ್ಕೇ ಇಳಿಯಬಹುದು, ಆಮೇಲೆ ಸ್ವಲ್ಪ ದಿನ ಅಲ್ಲೇ ನಿಲ್ಲಬಹುದು, ಮೇಲೇಳುವುದು ನಿಧಾನ ಅಂತಲೂ ಹೇಳಿದ್ದರು. ನನ್ನ ಕಿವಿಗೆ ಹೋದದ್ದು ಮೊದಲನೇ ವಾಕ್ಯ ಮಾತ್ರ.

ಅವನ ಕಿವಿಗೆ ಹೋದದ್ದು ಬೇರೆಯೇ. ಹೆಸರೇನು ಇದು, ವಿಚಿತ್ರವಾಗಿದೆ ಅಂತ ಕೇಳಿದ. 1916ರಲ್ಲಿ ಮೂವರು ಫ್ರೆಂಚ್ ಡಾಕ್ಟರುಗಳು, ಗಿಯಾನ್, ಬಾರೆ ಮತ್ತು ಸ್ಟ್ರೋಲ್, ಇಬ್ಬರು ಸೈನಿಕರಲ್ಲಿ ಇದನ್ನು ಕಂಡು ಬರೆದರಂತೆ. ಕಾಯಿಲೆಗೆ ಇಬ್ಬರ ಹೆಸರು ನಿಂತಿತು, ಮೂರನೆಯವರದು ಬಿದ್ದುಹೋಯಿತು. "ಸ್ಟ್ರೋಲ್ ಏನು ತಪ್ಪು ಮಾಡಿದ್ರು?" ಅಂತ ಮಗ ಕೇಳಿದ. ಡಾಕ್ಟರ ಹತ್ತಿರ ಉತ್ತರವಿರಲಿಲ್ಲ. ಅಲ್ಲಿಂದ ಮುಂದೆ ಅವನು ತನ್ನ ಕಾಯಿಲೆಯನ್ನು ಸ್ಟ್ರೋಲ್ ಅಂತಲೇ ಕರೆದ. "ಇವತ್ತು ಸ್ಟ್ರೋಲ್ ಭುಜದವರೆಗೆ ಬಂದಿದೆ" ಅಂತ ರೌಂಡ್ಸ್‌ಗೆ ಬಂದವರಿಗೆ ತಾನೇ ವರದಿ ಕೊಡುತ್ತಿದ್ದ. ಆಸ್ಪತ್ರೆಯಲ್ಲಿ ಅವನ ಇಷ್ಟದ ಪ್ರಕಾರ ನಡೆದ ಮೊದಲ ಸಂಗತಿ ಬಹುಶಃ ಅದೇ.

ಐದನೇ ದಿನ ಕ್ಯಾನುಲಾ ಬ್ಲಾಕ್ ಆಯಿತು. ಐವಿಐಜಿ ಅಂತ ಒಂದು ಔಷಧ ನಡೆಯುತ್ತಿತ್ತು. ಸಾವಿರಾರು ಜನ ದಾನ ಮಾಡಿದ ರಕ್ತದ ಪ್ಲಾಸ್ಮಾದಿಂದ ತೆಗೆದ ಪ್ರತಿಕಾಯಗಳು. ದಿನಕ್ಕಿಷ್ಟು ಅಂತ ಐದು ದಿನ ಗಂಟೆಗಟ್ಟಲೆ ಹನಿಹನಿಯಾಗಿ ಹೋಗಬೇಕು, ಮಧ್ಯೆ ನಿಲ್ಲಿಸುವ ಹಾಗಿಲ್ಲ. ಚಿಕ್ಕ ವಯಸ್ಸಿನ ಸಿಸ್ಟರ್ ಒಬ್ಬಳು ಟ್ರೇ ಹಿಡಿದು ಬಂದು ಬಲು ಪ್ರೀತಿಯಿಂದ, "ಹೊಸ ಸೂಜಿ ಹಾಕ್ಲಾ ಪುಟ್ಟಾ?" ಅಂತ ಕೇಳಿದಳು.

"ಬೇಡ" ಅಂದ ಮಗ.

"ಹಾಗಂದ್ರೆ ಹೇಗೆ? ಜಾಣ ಅಲ್ವಾ?"

ಅವಳು ಹಾಕಿದಳು. ಹಾಕಲೇಬೇಕಿತ್ತು. ನಾನೇ ತೋಳು ಹಿಡಿದುಕೊಂಡಿದ್ದೆ. ಕೊಸರುವ ಶಕ್ತಿಯೂ ಇಲ್ಲದ ತೋಳನ್ನು ಯಾಕೆ ಹಿಡಿದೆನೋ ಇವತ್ತಿಗೂ ಗೊತ್ತಿಲ್ಲ. ಆ ಮಧ್ಯಾಹ್ನದಿಂದ ಮಾರನೇ ದಿನ ಬೆಳಿಗ್ಗೆಯವರೆಗೆ ಅವನು ಬಾಯಿ ಬಿಡಲಿಲ್ಲ. ಕೇಳಿದ್ದಕ್ಕೆಲ್ಲ ಗೋಡೆ ನೋಡಿದ. ಕಾಯಿಲೆ ಗಂಟಲಿಗೆ ಬಂತೇನೋ ಅಂತ ನಾನು ಹೆದರಿ ಡಾಕ್ಟರನ್ನು ಕರೆಸಿದೆ. ಅವರು ನುಂಗುವುದು, ಕೆಮ್ಮುವುದು ಎಲ್ಲ ನೋಡಿ, ಗಂಟಲು ಚೆನ್ನಾಗಿದೆ ಅಂದರು.

ರಾತ್ರಿ ಪಾಳಿಯ ಹಿರಿಯ ಸಿಸ್ಟರ್ ನನ್ನನ್ನು ಕಾರಿಡಾರಿಗೆ ಕರೆದರು. ಮಕ್ಕಳ ವಾರ್ಡಿನಲ್ಲೇ ತಲೆ ನರೆತವರು. "ಬೇಡ ಅಂದ್ರೆ ನಿಜವಾಗ್ಲೂ ಬಿಟ್ಬಿಡ್ತೀರಾದ್ರೆ ಮಾತ್ರ ಬೇಕಾ ಅಂತ ಕೇಳಿ. ಇಲ್ಲಾಂದ್ರೆ ಕೇಳ್ಬೇಡಿ, ಹೇಳಿ. ನಾನು ಆ ಹುಡುಗಿಗೂ ಹೇಳಿದೀನಿ, ನಿಮಗೂ ಹೇಳ್ತಿದೀನಿ" ಅಂದರು.

ನನಗೆ ಮೊದಲು ಸಿಟ್ಟು ಬಂತು. ಸೂಜಿ ಹಾಕಿದ್ದು ಅವರ ಕಡೆಯವರು, ಪಾಠ ನನಗೆ. ಆದರೆ ಒಳಗೆ ಬಂದು ಕೂತು ಹಿಂದಿನ ದಿನಗಳನ್ನು ನೆನೆಸಿಕೊಂಡರೆ ನಾನು ಬೆಳಗಿನಿಂದ ರಾತ್ರಿವರೆಗೆ ಅದೇ ಮಾಡುತ್ತಿದ್ದೆ. ಮೈ ಒರೆಸ್ಲಾ? ಮಾತ್ರೆ ತಗೊಳ್ತೀಯಾ? ಮಗ್ಗುಲು ಬದಲಾಯಿಸೋಣ್ವಾ? ಹಾಸಿಗೆ ಹುಣ್ಣಾಗದ ಹಾಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಲೇಬೇಕು, ಅದರಲ್ಲಿ ಕೇಳುವುದೇನು ಬಂತು? ಮೃದುವಾಗಿ ಮಾತಾಡುತ್ತಿದ್ದೇನೆ ಅಂತ ನಾನು ಅಂದುಕೊಂಡಿದ್ದೆ. ಅವನಿಗೆ ಪ್ರತಿಸಲವೂ ತಿಳಿಯುತ್ತಿದ್ದದ್ದು ಒಂದೇ: ನಿನ್ನ ಮಾತಿಗೆ ಇಲ್ಲಿ ಬೆಲೆಯಿಲ್ಲ. ಕೈಕಾಲು ಹೋಗಿದ್ದು ಕಾಯಿಲೆಯಿಂದ. ಮಾತು ಹೋಗಿದ್ದು ನಮ್ಮಿಂದ.

ಮಾರನೇ ದಿನ ಹಿರಿಯ ಸಿಸ್ಟರ್ ಅವನ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ನಿಂತು ಮಾತಾಡಲಿಲ್ಲ, ಅವನ ಕಣ್ಣಿನ ಮಟ್ಟಕ್ಕೆ ಕೂತರು. "ನೋಡಪ್ಪಾ, ಸೂಜಿ ಹಾಕೋದು ಬಿಡೋದು ನಿನ್ನ ಕೈಲಿಲ್ಲ. ನನ್ನ ಕೈಲೂ ಇಲ್ಲ. ಉಳಿದಿದ್ದು ನೀನು ಹೇಳು. ಯಾವ ಕೈಗೆ? ನೋಡ್ತೀಯೋ, ಮುಖ ತಿರುಗಿಸಿಕೊಳ್ತೀಯೋ? ಮೂರು ಎಣಿಸಿ ಚುಚ್ಚಬೇಕೋ, ಹೇಳದೇ ಚುಚ್ಚಬೇಕೋ? ಅರ್ಜೆಂಟ್ ಇಲ್ಲದಿದ್ರೆ ಮರಗಟ್ಟೋ ಕ್ರೀಮ್ ಹಚ್ತೀವಿ, ಅದಕ್ಕೆ ಒಂದು ಗಂಟೆ ಮೊದಲೇ ಹಚ್ಚಬೇಕು. ಬೇಕೋ?"

ಅವನು ಬಹಳ ಹೊತ್ತು ಯೋಚಿಸಿದ. "ಎಡಗೈಗೆ ಹಾಕಿ. ಬಲಗೈ ಮೊದಲು ವಾಪಸ್ ಬರುತ್ತೆ, ಅದು ಖಾಲಿ ಇರ್ಲಿ."

ನನಗೆ ಎದ್ದು ಹೊರಗೆ ಹೋಗಬೇಕಾಯಿತು.

ನೀರಿನ ವಿಷಯ ನನಗೆ ತಡವಾಗಿ ಗೊತ್ತಾಯಿತು. ಹಾಸಿಗೆಯ ಕಾಲ ಬಳಿ ಒಂದು ಚಾರ್ಟ್ ತೂಗುಹಾಕಿರುತ್ತಾರೆ, ಒಳಗೆ ಎಷ್ಟು ಹೋಯಿತು, ಹೊರಗೆ ಎಷ್ಟು ಬಂತು ಅಂತ. ಒಂದು ಸಂಜೆ ಡಾಕ್ಟರು ಅದನ್ನು ನೋಡಿ ಹುಬ್ಬು ಗಂಟಿಕ್ಕಿದರು. ಬೆಳಗಿನಿಂದ ಬರೀ 400 ಮಿಲಿಲೀಟರ್ ಕುಡಿದಿದ್ದಾನೆ. ಐವಿಐಜಿ ಹೋಗುವಾಗ ದೇಹದಲ್ಲಿ ನೀರಿನಂಶ ಚೆನ್ನಾಗಿರಬೇಕು, ಇಲ್ಲದಿದ್ದರೆ ತಲೆನೋವು ಜಾಸ್ತಿ, ಕಿಡ್ನಿಗೂ ಒಳ್ಳೆಯದಲ್ಲ. ನಾನು ಸ್ಟ್ರಾ ಬಾಯಿಗಿಟ್ಟಾಗಲೆಲ್ಲ ಅವನು ಒಂದು ಗುಟುಕು ಎಳೆದು "ಸಾಕು" ಅನ್ನುತ್ತಿದ್ದ. ಬಾಯಾರಿಕೆ ಇಲ್ಲ ಅಂದುಕೊಂಡಿದ್ದೆ.

ಎಲ್ಲರೂ ಹೋದ ಮೇಲೆ ಹೇಳಿದ: "ಕುಡಿದ್ರೆ ಮತ್ತೆ ಬಾಟ್ಲಿ ಬೇಕಾಗುತ್ತೆ."

ಬಾಟ್ಲಿ ಅಂದರೆ ಮೂತ್ರದ ಬಾಟ್ಲಿ. ಅದನ್ನು ಹಿಡಿಯುತ್ತಿದ್ದವಳು ನಾನು. ಏಳು ವರ್ಷಕ್ಕೇ ಬಚ್ಚಲಿನ ಬಾಗಿಲು ಹಾಕಿಕೊಂಡು ನನ್ನನ್ನು ಹೊರಗೆ ನಿಲ್ಲಿಸಿದ ಹುಡುಗ ಅವನು. ಹೆತ್ತವಳು ನಾನು, ನನ್ನ ಹತ್ತಿರ ಎಂಥ ನಾಚಿಕೆ ಅಂತ ಬಾಯಿಗೆ ಬಂದಿತ್ತು, ಸದ್ಯ ಹೇಳಲಿಲ್ಲ. ಹನ್ನೆರಡರ ಹುಡುಗನಿಗೆ ಹೆತ್ತವಳ ಹತ್ತಿರವೇ ಎಲ್ಲರಿಗಿಂತ ಹೆಚ್ಚು ನಾಚಿಕೆ. ಅದು ಆರೋಗ್ಯದ ಲಕ್ಷಣ, ಕಾಯಿಲೆಯದಲ್ಲ.

ಅವನ ಷರತ್ತುಗಳು ಹೀಗಿದ್ದವು. ಅಮ್ಮ ಬೇಡ. ಅಪ್ಪ ಇದ್ದರೆ ಅಪ್ಪ, ಇಲ್ಲದಿದ್ದರೆ ಗಂಡಸು ಅಟೆಂಡರ್. ಪರದೆ ಪೂರ್ತಿ ಎಳೆಯಬೇಕು, ಸಂದಿಗೆ ಕ್ಲಿಪ್ ಹಾಕಬೇಕು. ಮೇಲೆ ಟವೆಲ್ ಇರಬೇಕು. ಆ ಹೊತ್ತಿನಲ್ಲಿ ಯಾರೂ ಅವನ ಹತ್ತಿರ ಮಾತಾಡಬಾರದು, ಮುಖ್ಯವಾಗಿ ಜೋಕ್ ಮಾಡಬಾರದು. ಗೊತ್ತಾದ ಹೊತ್ತು ಇರಬೇಕು, ಊಟಕ್ಕೆ ಮೊದಲು, ಮಲಗುವ ಮೊದಲು, ಹೀಗೆ. ಮಧ್ಯೆ ಬೇಕಾದರೆ ಅವನೇ ಹೇಳುತ್ತಾನೆ. ಇಷ್ಟರಲ್ಲಿ ಒಂದೂ ಅಸಾಧ್ಯದ ಬೇಡಿಕೆಯಲ್ಲ. ಕ್ಲಿಪ್ಪಿಗಾಗಿ ಮಾತ್ರ ನಾನು ಎರಡು ದಿನ ಅಲೆದೆ. ಅಷ್ಟು ದೊಡ್ಡ ಕಟ್ಟಡದಲ್ಲಿ ಎರಡು ಬಟ್ಟೆ ಕ್ಲಿಪ್ ಸಿಗದೆ ಕೊನೆಗೆ ಮನೆಯಿಂದ ತಂದೆ. ಮೂರನೇ ದಿನಕ್ಕೆ ಅವನು ಕುಡಿದ ನೀರು ಒಂದೂವರೆ ಲೀಟರ್ ದಾಟಿತ್ತು.

ಇನ್ನೊಂದು ಬೆಲ್ಲಿನ ಗಲಾಟೆ. ತಲೆ ಹತ್ತಿರ ನೇತುಬಿಟ್ಟ ಗುಂಡಿ ಒತ್ತುವುದಕ್ಕೆ ಹೆಬ್ಬೆರಳಿನಲ್ಲಿ ಶಕ್ತಿ ಬೇಕು. ಆ ಶಕ್ತಿ ಹೋದ ದಿನದಿಂದ ನಾನು ಬಚ್ಚಲಿಗೆ ಹೋಗಿ ಬರುವಷ್ಟರಲ್ಲೂ ಅವನ ಮುಖ ಬೆವರಿರುತ್ತಿತ್ತು. ಬೇಕಾದಾಗ ನಾಲಿಗೆಯಿಂದ ಟಕ್ ಟಕ್ ಅಂತ ಸದ್ದು ಮಾಡುವುದು ಅಂತ ನಾವಿಬ್ಬರೂ ಗೊತ್ತುಮಾಡಿಕೊಂಡೆವು. ಆದರೆ ಆ ಸದ್ದು ನನ್ನ ನಿದ್ದೆಯನ್ನು ದಾಟಿ ಬರುತ್ತದೆ ಅಂತ ಏನು ಗ್ಯಾರಂಟಿ? ಕತ್ತಲೆಯಲ್ಲಿ ಕೂಗಲಾಗದೆ, ಒತ್ತಲಾಗದೆ ಮಲಗಿರುವುದು ಹೇಗಿರುತ್ತದೆ ಅಂತ ಒಂದು ರಾತ್ರಿ ನಾನು ಕೈಕಾಲು ಅಲ್ಲಾಡಿಸದೆ ಮಲಗಿ ನೋಡಿದೆ. ಹತ್ತು ನಿಮಿಷಕ್ಕೆ ಎದ್ದುಬಿಟ್ಟೆ.

ಕೇಳಿದ ಮೇಲೆ ಗೊತ್ತಾಯಿತು, ಮುಟ್ಟಿದರೆ ಸಾಕು ಕೆಲಸ ಮಾಡುವ ಚಪ್ಪಟೆ ಸ್ವಿಚ್ಚು ಇದೆ, ಸ್ಟೋರಿನಲ್ಲೇ ಇತ್ತು. ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ದಿಂಬಿನ ಮೇಲೆ ಕೆನ್ನೆಯ ಪಕ್ಕಕ್ಕೆ ಅದನ್ನು ಅಂಟಿಸಿದರು. ತಲೆ ಒಂದಿಷ್ಟು ವಾಲಿಸಿದರೆ ಬೆಲ್.

ಮೊದಲ ರಾತ್ರಿ 23 ಸಲ ಒತ್ತಿದ. ನಾನು ಎಣಿಸಿದ್ದೇನೆ. ಹತ್ತನೇ ಸಲಕ್ಕೆ ನನಗೇ ಸಂಕೋಚವಾಗಿ ಗದರಿಸಲು ಹೋದರೆ ಹಿರಿಯ ಸಿಸ್ಟರ್ ಕೈಸನ್ನೆಯಲ್ಲೇ ತಡೆದರು. ಪ್ರತಿಸಲವೂ ಯಾರಾದರೊಬ್ಬರು ಬಂದು, ಏನು ಬೇಕು ಅಂತ ಕೇಳಿ, ಏನೂ ಬೇಡ ಅಂದರೆ ಸರಿ ಅಂತ ಹೋದರು. "ಟೆಸ್ಟ್ ಮಾಡ್ತಿದಾನೆ. ಬರ್ತೀವಿ ಅಂತ ಖಾತ್ರಿಯಾದ್ರೆ ತಾನಾಗೇ ನಿಲ್ಲಿಸ್ತಾನೆ" ಅಂದರು. ಎರಡನೇ ರಾತ್ರಿ ಒಂಬತ್ತು. ಮೂರನೇ ರಾತ್ರಿ ನಾಲ್ಕು. ಆಮೇಲೆ ನಾನು ಎಣಿಸುವುದನ್ನು ಬಿಟ್ಟೆ.

ಹನ್ನೊಂದನೇ ದಿನದ ಹೊತ್ತಿಗೆ ಎಲ್ಲರಿಗೂ ಹೆದರಿಕೆ ಇದ್ದದ್ದು ಉಸಿರಿನದು. ಈ ಕಾಯಿಲೆ ಎದೆಯ ಸ್ನಾಯುಗಳಿಗೆ ಏರಿದರೆ ವೆಂಟಿಲೇಟರ್ ಬೇಕಾಗುತ್ತದೆ. ಊದಿ ಅಳೆಯುವ ಯಂತ್ರವಿದೆ, ಅದರ ಜತೆಗೆ ಒಂದು ಸುಲಭದ ಪರೀಕ್ಷೆಯೂ ಇದೆ. ಪೂರ್ತಿ ಉಸಿರೆಳೆದುಕೊಂಡು ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತೀಯ ಅನ್ನುವುದು. ಬಂದ ದಿನ 34ರವರೆಗೆ ಎಣಿಸಿದ್ದ. ಆಮೇಲೆ 29. ಆಮೇಲೆ 22. ಮೊದಮೊದಲು ಆ ಸಂಖ್ಯೆಯನ್ನು ಅವನಿಗೆ ಹೇಳದೆ ಹೊರಗೆ ಹೋಗಿ ಪಿಸುಗುಟ್ಟುತ್ತಿದ್ದರು. ಎಂಥ ಹುಚ್ಚು ನೋಡಿ, ಎಣಿಸಿದವನು ಅವನೇ.

ಈ ಲೆಕ್ಕ ತನ್ನದು ಅಂತ ಅವನು ಹಟ ಹಿಡಿದ. ನಾನು ಗುಮಾಸ್ತಳಾದೆ. ಒಂದು ನೋಟ್ ಪುಸ್ತಕದಲ್ಲಿ ಸಮಯ, ಸಂಖ್ಯೆ, ಪಕ್ಕದಲ್ಲಿ ಅವನ ಷರಾ: "ಮಲಗಿ ಎಣಿಸಿದ್ದು, ಲೆಕ್ಕಕ್ಕಿಲ್ಲ", "ಅಪ್ಪ ನಗಿಸಿದರು, ಮತ್ತೆ". ಐಸಿಯುಗೆ ಕರೆದೊಯ್ದ ದಿನದ ಸಾಲಿನಲ್ಲಿ 16 ಅಂತ ಇದೆ. ಐಸಿಯುಗೆ ಹೋಗಬೇಕು ಅಂತ ಡಾಕ್ಟರು ನನಗೆ ಹೇಳಲು ಬಂದಾಗ ನಾನು, ಅವನಿಗೇ ಹೇಳಿ ಅಂದೆ. ಅವರು ಹೇಳಿದರು: ಸಂಖ್ಯೆ ಇನ್ನೂ ಇಳಿದರೆ ಮೆಷಿನ್ ಸಹಾಯ ಬೇಕಾಗಬಹುದು, ಅದಕ್ಕೆ ಹತ್ತಿರ ಇರೋಣ ಅಂತ. ಅವನು, "ಟ್ಯೂಬ್ ಹಾಕಿದ್ರೆ ಮಾತಾಡಕ್ಕಾಗಲ್ಲ ಅಲ್ವಾ? ಹಾಗಾದ್ರೆ ಈಗ್ಲೇ ಒಂದು ಗೊತ್ತುಮಾಡ್ಕೊಳ್ಳೋಣ. ಒಂದು ಸಲ ಕಣ್ಣು ಮುಚ್ಚಿದ್ರೆ ಹೂಂ, ಎರಡು ಸಲ ಮುಚ್ಚಿದ್ರೆ ಬೇಡ" ಅಂದ. ಟ್ಯೂಬ್ ಬೇಕಾಗಲಿಲ್ಲ. ನಾಲ್ಕು ದಿನ 16, 15, 16, 16 ಅಂತ ಅಲ್ಲಲ್ಲೇ ತೂಗಾಡಿ ಐದನೇ ದಿನ 19 ಬಂತು. ಆ 19ರ ಸುತ್ತ ಅವನು ಹೇಳಿದಂತೆ ನಾನು ಎಳೆದ ವೃತ್ತ ಪುಸ್ತಕದ ಹಾಳೆ ಹರಿಯುವಷ್ಟು ಗಟ್ಟಿಯಾಗಿದೆ.

ಐಸಿಯುನಲ್ಲಿ ರಾತ್ರಿ ನಿದ್ದೆ ಬಾರದೆ ಮೊಬೈಲಿನಲ್ಲಿ ಏನೇನೋ ಓದಿದೆ. ಒಂದು ಕಾಲದಲ್ಲಿ ಆಸ್ಪತ್ರೆಗೆ ಸೇರಿದ ಮಕ್ಕಳನ್ನು ನೋಡಲು ತಾಯಿತಂದೆಯನ್ನೇ ಸರಿಯಾಗಿ ಬಿಡುತ್ತಿರಲಿಲ್ಲವಂತೆ. ಬಂದರೆ ಮಗು ಅಳುತ್ತದೆ, ಬಾರದಿದ್ದರೆ ಸುಮ್ಮನಿರುತ್ತದೆ ಅನ್ನುವ ಲೆಕ್ಕ. ಆ ಸುಮ್ಮನಿರುವಿಕೆ ಹೊಂದಾಣಿಕೆಯಲ್ಲ, ಕೈಚೆಲ್ಲಿದ್ದು ಅಂತ ತೋರಿಸಲು ಕೆಲವರು ವರ್ಷಗಟ್ಟಲೆ ಗುದ್ದಾಡಬೇಕಾಯಿತು. ಬ್ರಿಟನ್ನಿನಲ್ಲಿ 1959ರಲ್ಲಿ ಪ್ಲಾಟ್ ಸಮಿತಿಯ ವರದಿ ಬಂದ ಮೇಲೆ ನಿಧಾನಕ್ಕೆ ಬಾಗಿಲು ತೆರೆಯಿತು. ಓದುತ್ತಾ ನನಗೆ ನೆನಪಾದದ್ದು ಗೋಡೆ ನೋಡುತ್ತಾ ಮಲಗಿದ್ದ ಆ ಮಧ್ಯಾಹ್ನ. ನಾನು ಪಕ್ಕದಲ್ಲೇ ಇದ್ದೆ, ಆದರೂ ಅವನು ಅದೇ ರೀತಿ ಸುಮ್ಮನಾಗಿದ್ದ.

ವಾರ್ಡಿಗೆ ವಾಪಸ್ ಬಂದ ಮೇಲೆ ಅವನು ಒಂದು ಹೊಸ ಕಾನೂನು ತಂದ: ಮುಟ್ಟಬಾರದ ಅರ್ಧ ಗಂಟೆ. ಬೆಳಗಿನಿಂದ ಬಿಪಿ, ಟೆಂಪರೇಚರ್, ರಕ್ತ, ಫಿಜಿಯೋ, ಮಗ್ಗುಲು, ಒರೆಸುವುದು, ಬಂದವರೆಲ್ಲ ಅವನ ಮೈ ಮುಟ್ಟುವವರೇ. ನೆಂಟರು ಬಂದರೆ ತಲೆ ಸವರುವವರು. ಸಂಜೆ ಐದರಿಂದ ಐದೂವರೆ ಯಾರೂ, ನಾನೂ, ಅವನನ್ನು ಮುಟ್ಟುವ ಹಾಗಿಲ್ಲ. ಜೀವಕ್ಕೆ ಅಪಾಯವಿದ್ದರೆ ಮಾತ್ರ ವಿನಾಯಿತಿ. ಹಿರಿಯ ಸಿಸ್ಟರ್ ಅದನ್ನು ಬಿಳಿ ಬೋರ್ಡಿನ ಮೇಲೆ ಆ ದಿನದ ಕಾರ್ಯಕ್ರಮದ ಜತೆ ಬರೆದೇಬಿಟ್ಟರು. ಒಬ್ಬ ದೊಡ್ಡ ಡಾಕ್ಟರು ಐದೂ ಹತ್ತಕ್ಕೆ ಬಂದು, ಬೋರ್ಡ್ ಓದಿ, ಗಡಿಯಾರ ನೋಡಿ, ಸ್ಟೆತಸ್ಕೋಪನ್ನು ಜೇಬಿಗೆ ಹಾಕಿಕೊಂಡು ಪಕ್ಕದ ಹಾಸಿಗೆಗೆ ಹೋದರು. ಅವತ್ತು ಮಗನ ಮುಖದಲ್ಲಿ ಕಂಡ ಗತ್ತು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

ಆ ಪಕ್ಕದ ಹಾಸಿಗೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ನಾಲ್ಕು ವರ್ಷದ ಹುಡುಗಿ. ಬಟ್ಟೆ ಹಾಕಿಕೊಳ್ಳುವುದು, ತಾನೇ ತಿನ್ನುವುದು ಎಲ್ಲ ಕಲಿತಿದ್ದ ಮಗು ಆಸ್ಪತ್ರೆಗೆ ಬಂದ ಮೇಲೆ ಹಾಸಿಗೆ ಒದ್ದೆ ಮಾಡುತ್ತಿತ್ತು, ಬೆರಳು ಚೀಪುತ್ತಿತ್ತು, ತೊದಲು ಮಾತಿಗೆ ಇಳಿದಿತ್ತು. ಅದರ ತಾಯಿಗೆ ಅವಮಾನ. "ಇಷ್ಟು ದೊಡ್ಡವಳಾಗಿ!" ಅಂತ ಗದರುತ್ತಿದ್ದಳು. ಅದು ಮಾಮೂಲು, ಕಲಿತದ್ದು ಎಲ್ಲೂ ಹೋಗುವುದಿಲ್ಲ, ಮನೆಗೆ ಹೋದ ಮೇಲೆ ವಾಪಸ್ ಬರುತ್ತದೆ ಅಂತ ಸಿಸ್ಟರುಗಳು ಎಷ್ಟು ಹೇಳಿದರೂ ಆಕೆಗೆ ನಂಬಿಕೆಯಿಲ್ಲ. ಔಷಧ ಉಗುಳಿದರೆ "ಡಾಕ್ಟರ್ ಹತ್ರ ಇಂಜೆಕ್ಷನ್ ಕೊಡಿಸ್ತೀನಿ" ಅನ್ನುವಳು. ಈ ಮಾತನ್ನು ನಾನೂ ಎಷ್ಟೋ ಸಲ ಆಡಿದ್ದೇನೆ. ಆ ವಯಸ್ಸಿನ ಮಗು ಮೊದಲೇ ತನ್ನ ತಪ್ಪಿಗೆ ಸಿಕ್ಕ ಶಿಕ್ಷೆಯೇ ಆಸ್ಪತ್ರೆ ಅಂತ ನಂಬಿರುತ್ತದೆ, ಅದರ ಮೇಲೆ ನಾವು ಮೊಹರು ಒತ್ತುತ್ತೇವೆ. ಒಂದು ದಿನ ಆ ಹುಡುಗಿ ನನ್ನ ಮಗನನ್ನು ಕೇಳಿತು, "ನೀನು ಏನು ತಪ್ಪು ಮಾಡಿದ್ದೆ?"

ಮಗ ಗಂಭೀರವಾಗಿ, "ನಾನಲ್ಲ, ಸ್ಟ್ರೋಲ್" ಅಂದ.

ಔಷಧ ಕುಡಿಸುವ ಜಗಳಕ್ಕೆ ಪರಿಹಾರ ಹೇಳಿದವನೂ ಅವನೇ. "ಆಂಟಿ, ಕುಡೀತೀಯಾ ಅಂತ ಕೇಳ್ಬೇಡಿ. ಲೋಟದಲ್ಲೋ ಸಿರಿಂಜಲ್ಲೋ ಅಂತ ಕೇಳಿ." ಹುಡುಗಿ ಸಿರಿಂಜ್ ಅಂದಿತು, ಅದೂ ಸೂಜಿಯಿಲ್ಲದ ಸಿರಿಂಜನ್ನು ತಾನೇ ಬಾಯಿಗೆ ಒತ್ತಿಕೊಳ್ಳುತ್ತೇನೆ ಅಂದಿತು. ಪ್ರತಿಸಲವೂ ಗೆದ್ದರು ಅಂತ ಹೇಳಲಾರೆ. ಅರ್ಧದಷ್ಟು ಸಲ ಸಿರಿಂಜಿನ ಔಷಧ ಗೋಡೆ ಮೇಲಿರುತ್ತಿತ್ತು.

ನಾಲ್ಕನೇ ವಾರ ಬಲ ಭುಜ ಅಲುಗಿತು. ಅವನು ಹೇಳಿದ್ದ ಹಾಗೇ ಬಲಗಡೆ ಮೊದಲು, ಕಾಕತಾಳೀಯವೇ ಇರಬೇಕು. ಆಮೇಲೆ ಮೊಣಕೈ. ಬೆರಳುಗಳು ತಡವಾಗಿ. ಇಲ್ಲಿಂದ ಮುಂದೆ ಕಷ್ಟ ನನ್ನದಾಯಿತು.

ನಾನು ತಿನ್ನಿಸಿದರೆ ಹತ್ತು ನಿಮಿಷ. ಅವನೇ ತಿಂದರೆ ನಲವತ್ತೈದು, ಅದರಲ್ಲಿ ಅರ್ಧ ಎದೆ ಮೇಲೆ. ಚಮಚದ ಹಿಡಿಗೆ ದಪ್ಪ ಸ್ಪಂಜಿನ ಕೊಳವೆ ತೊಡಿಸಿಕೊಟ್ಟಿದ್ದರು, ಬಲವಿಲ್ಲದ ಮುಷ್ಟಿಗೂ ಸಿಗಲಿ ಅಂತ. ಅವನು ಚಮಚ ಎತ್ತುತ್ತಾನೆ, ಅರ್ಧ ದಾರಿಗೆ ಬರುತ್ತದೆ, ತೋಳು ನಡುಗುತ್ತದೆ, ಮುಖ ಕೆಳಗೆ ತರುತ್ತಾನೆ, ಚಮಚ ಓರೆಯಾಗುತ್ತದೆ. ನನ್ನ ಕೈ ನನಗೆ ಗೊತ್ತಿಲ್ಲದೆಯೇ ಮುಂದೆ ಹೋಗಿರುತ್ತದೆ. ಫಿಜಿಯೋ ಮಾಡಿಸುವವರು ನನಗೊಂದು ಉಪಾಯ ಹೇಳಿದರು: ಊಟದ ಹೊತ್ತಿನಲ್ಲಿ ನಿಮ್ಮ ಕೈ ನಿಮ್ಮ ತೊಡೆ ಕೆಳಗೆ ಇಟ್ಟುಕೊಂಡು ಕೂತ್ಕೊಳ್ಳಿ. ಕೂತೆ. ಊಟ ಮುಗಿಯುವ ಹೊತ್ತಿಗೆ ಬೆರಳು ಜೋಮು ಹಿಡಿದಿರುತ್ತಿದ್ದವು.

ಒಂದು ಮಧ್ಯಾಹ್ನ ನಾನು ತಡೆಯಲಾರದೆ ಚಮಚ ಕಿತ್ತುಕೊಂಡು ಒಂದು ತುತ್ತು ಬಾಯಿಗಿಟ್ಟೆ. ಬಿಸಿ ಆರಿಹೋಗುತ್ತಿತ್ತು, ನನಗೆ ಫೋನ್ ಬರುತ್ತಿತ್ತು, ನೆಪಗಳು ಬೇಕಾದಷ್ಟು. ಅವನು ಚಮಚ ಕಿತ್ತುಕೊಂಡು ಬೀಸಿ ಎಸೆದ. ಅದು ಪರದೆಗೆ ಬಡಿದು ನೆಲಕ್ಕೆ ಬಿತ್ತು. ನಾನೂ ರೇಗಿದೆ, ಅವನೂ ಕಿರುಚಿದ, ಇಬ್ಬರೂ ಅತ್ತೆವು. ಸಂಜೆ ಫಿಜಿಯೋ ಬಂದಾಗ ದೂರು ಹೇಳಿದೆ.

"ಎಸೆದ್ನಾ? ಯಾವ ಕೈಲಿ?" ಅಂದರು ಅವರು. "ಎಷ್ಟು ದೂರ?"

ಪರದೆಯವರೆಗೆ ಹೆಜ್ಜೆ ಹಾಕಿ ಅಳೆದರು. ಮಗ ನೋಟ್ ಪುಸ್ತಕ ತೆಗೆಸಿ ಅದನ್ನೂ ಬರೆಸಿದ: ಚಮಚ, ಬಲಗೈ, ನಾಲ್ಕು ಹೆಜ್ಜೆ.

ಮೂಗು ತುರಿಸಿಕೊಂಡ ದಿನ ಮಾತ್ರ ಪುಸ್ತಕದಲ್ಲಿಲ್ಲ. ಯಾಕೆಂದರೆ ಅವನಿಗೇ ಗೊತ್ತಾಗಲಿಲ್ಲ. ಏನೋ ಓದುತ್ತಿದ್ದ, ಕೈ ಎದ್ದಿತು, ಬೆರಳ ಗೆಣ್ಣಿನಿಂದ ಮೂಗು ಉಜ್ಜಿಕೊಂಡು ಮತ್ತೆ ಇಳಿಯಿತು. ನಾನು ಕುರ್ಚಿಯಿಂದ ನೋಡಿದೆ, ಹೇಳಲಿಲ್ಲ. ಹೇಳಿದರೆ ಅದೂ ಒಂದು ಪರೀಕ್ಷೆಯಾಗಿಬಿಡುತ್ತದೆ ಅನ್ನಿಸಿತು.

ಏಳನೇ ವಾರ ಮನೆಗೆ ಬಂದೆವು, ವಾಕರ್ ಹಿಡಿದುಕೊಂಡು. ಬಚ್ಚಲಿಗೆ ಹಿಡಿಕೆಗಳು, ಜಾರದ ಚಾಪೆ, ಕೂತು ಸ್ನಾನ ಮಾಡಲು ಒಂದು ಸ್ಟೂಲು. ಬಾಗಿಲು ಹಾಕಿಕೊಳ್ಳುತ್ತೇನೆ ಅಂದ. ಚಿಲಕ ಬೇಡ, ಬಿದ್ದರೆ ಒಳಗೆ ಬರಲಾಗುವುದಿಲ್ಲ ಅಂದೆ. ಅದು ಕೇಳುವ ವಿಷಯವಲ್ಲ, ಹೇಳುವ ವಿಷಯ ಅಂತ ಅವನಿಗೂ ಗೊತ್ತಿತ್ತು, ಒಪ್ಪಿಕೊಂಡ. ಆದರೆ ಬಾಗಿಲು ಮುಚ್ಚಿರುತ್ತದೆ, ಕರೆಯುವವರೆಗೆ ನಾನು ಬರುವ ಹಾಗಿಲ್ಲ. ಅಲ್ಲಿಯವರೆಗೆ ನಾನು ಬದುಕಿರುವುದು ಹೇಗೆ ಅಂತ ಕೇಳಿದ್ದಕ್ಕೆ, "ನಾನು ಎಣಿಸ್ತಿರ್ತೀನಿ. ಕೇಳ್ತಿದ್ರೆ ಚೆನ್ನಾಗಿದೀನಿ ಅಂತ" ಅಂದ.

ಹಾಗೆ ಶುರುವಾಯಿತು. ಒಳಗೆ ನೀರಿನ ಸದ್ದು, ಅದರ ಮೇಲೆ ಅವನ ದನಿ, ಮಧ್ಯೆ ಉಸಿರು ಎಳೆದುಕೊಂಡು ಮುಂದಿನ ಸಂಖ್ಯೆ. ಹೊರಗೆ ಗೋಡೆಗೆ ಒರಗಿ ನಾನು. ನಾಲ್ಕನೇ ದಿನ ಮೂವತ್ತೊಂಬತ್ತು, ನಲವತ್ತು, ನಲವತ್ತೊಂದು ಅಂದವನು ನಿಂತುಬಿಟ್ಟ. ನೀರೂ ನಿಂತಿತ್ತು. ನಾನು ಬಾಗಿಲು ತಳ್ಳಿದೆ.

ಸ್ಟೂಲಿನ ಮೇಲೆ ಟವೆಲ್ ಸುತ್ತಿಕೊಂಡು, ತಲೆ ತುಂಬ ನೊರೆ ಹಚ್ಚಿಕೊಂಡು ಕೂತಿದ್ದ.

"ಟೆಸ್ಟ್ ಮಾಡ್ದೆ" ಅಂದ. "ಎಷ್ಟು ಬೇಗ ಬರ್ತೀಯ ನೋಡೋಣ ಅಂತ. ಈಗ ಹೋಗು."

ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

"ನಲವತ್ತೆರಡು" ಅಂತ ಕೇಳಿಸಿತು.